ಹದಿನೆಂಟು ಹಲ್ಲಿನ ಲೆಕ್ಕ

ಮಲೆನಾಡಿನವರ ಪಾಲಿಗೆ ಸೈಕಲ್ ಅರ್ಧ ವಾಹನ, ಅರ್ಧ ಹೊರೆ. ಬಯಲುಸೀಮೆಯವನು ಮನೆ ಬಾಗಿಲಲ್ಲಿ ಸೈಕಲ್ ಹತ್ತಿದರೆ ತಲುಪುವ ಊರಿನಲ್ಲೇ ಇಳಿಯುತ್ತಾನೆ. ನಮ್ಮ ಆಲೂರು, ಸಕಲೇಶಪುರದ ಕಡೆಯವನು ಏರು ಬಂದಲ್ಲೆಲ್ಲ ಇಳಿದು ತಳ್ಳುತ್ತಾನೆ, ಇಳುಕಲು ಬಂದಲ್ಲಿ ಮತ್ತೆ ಹತ್ತುತ್ತಾನೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದಾಗ ನಮ್ಮ ಶಾಲೆಯ ಅಂಗಳದಲ್ಲೂ ಹೊಸ ಸೈಕಲ್ಲುಗಳು ಸಾಲಾಗಿ ನಿಂತವು. ಸಂಜೆಯ ಗಂಟೆ ಬಾರಿಸಿದ ಮೇಲೆ ಹೆಣ್ಣುಮಕ್ಕಳು ಬೆನ್ನಿಗೆ ಬ್ಯಾಗು ಹಾಕಿಕೊಂಡು ಅವನ್ನು ದಿಣ್ಣೆಯ ಮೇಲಕ್ಕೆ ತಳ್ಳಿಕೊಂಡು ಹೋಗುವುದನ್ನು ನೋಡಿ, "ಇದು ಸೈಕಲ್ ಸವಾರಿಯೋ, ಸೈಕಲ್ಲಿನ ಸೇವೆಯೋ?" ಎಂದು ನಮ್ಮ ಡ್ರಿಲ್ ಮೇಷ್ಟ್ರು ತಮಾಷೆ ಮಾಡುತ್ತಿದ್ದರು.

ಮಕ್ಕಳಿಗೆ ಶಕ್ತಿ ಸಾಲದು ಎಂದು ದೊಡ್ಡವರು ಸುಲಭವಾಗಿ ಹೇಳಿಬಿಡುತ್ತಾರೆ. ಅದು ಅಷ್ಟು ಸರಳವಲ್ಲ. ಒಂಬತ್ತನೇ ತರಗತಿಯಲ್ಲಿ 'ಕೆಲಸ ಮತ್ತು ಶಕ್ತಿ' ಪಾಠ ಬಂದಾಗಲೆಲ್ಲ ನಾನು ಬೋರ್ಡಿನ ಮೇಲೆ ಮಾಡಿಸುವ ಲೆಕ್ಕವೊಂದಿದೆ. ನೀವೂ ಒಂದು ಕಾಗದ ತೆಗೆದುಕೊಳ್ಳಿ.

ಸವಾರನ ತೂಕ 60 ಕೆ.ಜಿ., ಸೈಕಲ್ಲಿನದು 20 ಕೆ.ಜಿ., ಒಟ್ಟು 80. ಹತ್ತು ಮೀಟರ್ ಸಾಗಿದರೆ ಒಂದು ಮೀಟರ್ ಏರುವ ದಿಣ್ಣೆ. ಗಾಳಿ, ಘರ್ಷಣೆಗಳನ್ನು ಸದ್ಯಕ್ಕೆ ಬಿಟ್ಟುಬಿಡೋಣ. ನನ್ನ ಹಳೆಯ ಸೈಕಲ್ಲಿನ ಮುಂದಿನ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 18. ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರ ಸುಮಾರು 2.44 ಸುತ್ತು ತಿರುಗುತ್ತದೆ. ಚಕ್ರದ ಸುತ್ತಳತೆ ಸುಮಾರು 2.2 ಮೀಟರ್. ಅಂದರೆ ಒಂದು ಸುತ್ತು ತುಳಿತಕ್ಕೆ ಸೈಕಲ್ 5.4 ಮೀಟರ್ ಮುಂದೆ ಹೋಗಬೇಕು. ಆ ದಿಣ್ಣೆಯಲ್ಲಿ 80 ಕೆ.ಜಿ. ಭಾರ 54 ಸೆಂಟಿಮೀಟರ್ ಮೇಲೇರಬೇಕು. ಗುಣಿಸಿದರೆ 43 ಕೆ.ಜಿ.-ಮೀಟರ್ ಕೆಲಸ.

ಇನ್ನು ಸವಾರನ ಬಂಡವಾಳ ನೋಡೋಣ. ಅವನು ಸೀಟಿನಿಂದ ಎದ್ದು ನಿಂತು ಇಡೀ ಮೈಭಾರವನ್ನು ಪೆಡಲಿನ ಮೇಲೆ ಹಾಕಿದನೆನ್ನಿ. ಪೆಡಲಿನ ತೋಳು 16.5 ಸೆಂ.ಮೀ. ಉದ್ದ. ಮೇಲಿನಿಂದ ಕೆಳಕ್ಕೆ ಒಂದು ಪೆಡಲು ಇಳಿಯುವುದು 33 ಸೆಂ.ಮೀ., ಎರಡೂ ಸೇರಿ ಒಂದು ಸುತ್ತಿಗೆ 66. ಅರವತ್ತು ಕೆ.ಜಿ.ಯನ್ನು 0.66ರಿಂದ ಗುಣಿಸಿದರೆ 40ಕ್ಕೂ ಚೂರು ಕಡಿಮೆ. ಬೇಕಾದದ್ದು 43, ಕೈಯಲ್ಲಿರುವುದು 40! ಹ್ಯಾಂಡಲ್ ಜಗ್ಗಿ ಒಂದಿಷ್ಟು ಬಲ ಸೇರಿಸಬಹುದು, ಆದರೆ ಎಷ್ಟು ದೂರ? ಮಗು ಇಳಿದು ತಳ್ಳಿದ್ದು ಸೋಮಾರಿತನದಿಂದಲ್ಲ, ಲೆಕ್ಕ ಹೊಂದದ್ದರಿಂದ.

ಈಗ ಹಿಂದಿನ 18 ಹಲ್ಲಿನ ಫ್ರೀವೀಲ್ ಬಿಚ್ಚಿ 22 ಹಲ್ಲಿನದನ್ನು ಹಾಕಿಸಿ. ಒಂದು ತುಳಿತಕ್ಕೆ 4.4 ಮೀಟರ್ ದೂರ, ಬೇಕಾದ ಕೆಲಸ 35. ಅದೇ ಮಗು, ಅದೇ ದಿಣ್ಣೆ, ಆದರೆ ಈಗ ಸೈಕಲ್ ಹತ್ತುತ್ತದೆ, ನಿಧಾನವಾಗಿ ಹತ್ತುತ್ತದೆ. ಪ್ರಕೃತಿ ಏನನ್ನೂ ಪುಕ್ಕಟೆ ಕೊಡುವುದಿಲ್ಲ, ಆದರೆ ಕಂತಿನಲ್ಲಿ ತೀರಿಸಲು ಒಪ್ಪುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ರೈಲು ಹಾದಿ ಅತಿ ಕಡಿದಾದಲ್ಲೂ 50 ಮೀಟರಿಗೆ ಒಂದು ಮೀಟರ್ ಮಾತ್ರ ಇಳಿಯುತ್ತದೆ. ಅಷ್ಟಕ್ಕಾಗಿಯೇ 57 ಸುರಂಗ ಕೊರೆದು ಬೆಟ್ಟವನ್ನು ಬಳಸಿ ಬಳಸಿ ಹೋಗಿದ್ದಾರೆ. ನಮ್ಮ ತೋಟದ ರಸ್ತೆಗಳಿಗೆ ಆ ದಯೆ ಇಲ್ಲ.

ಫ್ರೀವೀಲ್ ಎಂಬ ಪುಟ್ಟ ಸಾಮಾನಿನ ಬೆಲೆ ಅದಿಲ್ಲದ ಸೈಕಲ್ ನೋಡಿದವರಿಗೇ ಗೊತ್ತು. ನನ್ನ ವಯಸ್ಸಿನವರು ಹಳ್ಳಿಯ ಮೈದಾನದಲ್ಲಿ ಹಗಲೂ ರಾತ್ರಿ ಸೈಕಲ್ ತುಳಿಯುತ್ತಿದ್ದ ಪ್ರದರ್ಶನಗಳನ್ನು ಮರೆತಿರಲಾರರು. ಲೌಡ್‌ಸ್ಪೀಕರಿನಲ್ಲಿ ಹಾಡು, ಮಧ್ಯದಲ್ಲಿ ಕಂಬ, ಸುತ್ತ ಸೈಕಲ್ಲು. ಸವಾರ ಅದರ ಮೇಲೇ ಸ್ನಾನ ಮಾಡುತ್ತಿದ್ದ, ಊಟ ಮಾಡುತ್ತಿದ್ದ. ಆಟದ ಸೈಕಲ್ಲೊಂದನ್ನು ಹಿಂದುಹಿಂದಕ್ಕೆ ಓಡಿಸಿದಾಗ ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಗುಟ್ಟು ಇಷ್ಟೆ: ಅಂಥ ಸೈಕಲ್ಲಿನಲ್ಲಿ ಫ್ರೀವೀಲ್ ಇರುವುದಿಲ್ಲ, ಹಿಂದಿನ ಹಲ್ಲುಚಕ್ರ ನೇರ ಚಕ್ರಕ್ಕೇ ಬಿಗಿದಿರುತ್ತದೆ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತದೆ. ಕಾಲಿಗೆ ವಿಶ್ರಾಂತಿ ಇಲ್ಲ. ಸೈಕಲ್ ನಿಲ್ಲಿಸಲು ಪೆಡಲನ್ನು ಹಿಂದಕ್ಕೆ ಒತ್ತಿ ತಡೆಯಬೇಕು.

ಈ ಬಗೆಯ ಸೈಕಲ್ಲಿಗೆ ಗೌರವದ ಇತಿಹಾಸವೇ ಇದೆ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ 'ರೋವರ್' ಸೈಕಲ್ ಹೀಗೇ ಇತ್ತು. 1903ರಲ್ಲಿ ಟೂರ್ ಡಿ ಫ್ರಾನ್ಸ್ ಪಂದ್ಯ ಆರಂಭಿಸಿದ ಆನ್ರಿ ದೆಗ್ರಾಂಜ್ ಗೇರು ಬದಲಿಸುವ ಸಲಕರಣೆಯನ್ನು ಬಹುಕಾಲ ಒಳಗೆ ಬಿಟ್ಟುಕೊಳ್ಳಲಿಲ್ಲ. ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುವಿ ಹಾಕಿ, ಇನ್ನೊಂದು ಮಗ್ಗುಲಿನ ದೊಡ್ಡ ಹಲ್ಲುಚಕ್ರಕ್ಕೆ ಚೈನು ಏರಿಸಿಕೊಳ್ಳುತ್ತಿದ್ದರು. ಗೇರು ಬದಲಿಸುವ ಸಲಕರಣೆಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಇಂದಿಗೂ ವೆಲೋಡ್ರೋಮ್‌ನ ಪಂದ್ಯಗಳಲ್ಲಿ ಫ್ರೀವೀಲೂ ಇಲ್ಲ, ಬ್ರೇಕೂ ಇಲ್ಲ. ಸೈಕಲ್ ಪಟುಗಳಿಗೆ ಹೆಸರಾದ ನಮ್ಮ ವಿಜಯಪುರ, ಬಾಗಲಕೋಟೆಯ ಮಕ್ಕಳಿಗೆ ಇದು ಹೊಸತೇನಲ್ಲ. ಆದರೆ ಅಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ, ತಿರುವಿನಲ್ಲಿ ದನ ಮಲಗಿರುವುದಿಲ್ಲ.

ಇಷ್ಟೆಲ್ಲ ಹೇಳಲು ಕಾರಣನಾದವನು ನನ್ನ ಹಳೆಯ ವಿದ್ಯಾರ್ಥಿ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಕಳೆದ ಬೇಸಿಗೆ ರಜೆಯಲ್ಲಿ ಊರಿಗೆ ಬಂದವನು ಅಪ್ಪನ ಹಳೆಯ ಸೈಕಲ್ಲನ್ನು ಹೊರತೆಗೆದು, ಫ್ರೀವೀಲಿಗೆ ವೆಲ್ಡಿಂಗ್ ಮಾಡಿಸಿ, ಎರಡೂ ಬ್ರೇಕು ಕಿತ್ತು, ಶಿರಾಡಿ ಘಾಟಿ ಇಳಿದು ಗುಂಡ್ಯಕ್ಕೆ ಹೋಗುತ್ತೇನೆಂದು ಹೊರಟಿದ್ದ. ಅವರಪ್ಪ ಸಣ್ಣ ಕಾಫಿ ಬೆಳೆಗಾರರು. ಮಗನನ್ನು ಸೈಕಲ್ ಸಮೇತ ಪೇಟೆಗೆ ಕರೆತಂದು ರಿಪೇರಿ ಅಂಗಡಿಯ ಮುಂದೆ ನನ್ನನ್ನು ಹಿಡಿದರು.

"ಮೇಷ್ಟ್ರೇ, ನನ್ ಮಾತು ಕೇಳಲ್ಲ. ನೀವಾದ್ರೂ ಬೇಡ ಅನ್ನಿ" ಎಂದರು. ದನಿ ಗಟ್ಟಿಯಾಗಿತ್ತು, ಕೈ ನಡುಗುತ್ತಿತ್ತು.

"ಸಾರ್, ಕಾಲೇ ಬ್ರೇಕು. ನನ್ನ ಫ್ರೆಂಡ್ಸ್ ಎಲ್ಲ ಹಾಗೇ ಓಡಿಸ್ತಾರೆ" ಎಂದ ಹುಡುಗ.

ಇಪ್ಪತ್ತರ ಹುಡುಗನಿಗೆ 'ಬೇಡ' ಎಂದರೆ ಅದು ಅವನ ಕಿವಿಯಲ್ಲಿ 'ನಾಳೆ ಬೆಳಿಗ್ಗೆ ಬೇಗ ಏಳು' ಎಂದು ಕೇಳಿಸುತ್ತದೆ. ನಾನು ಏನೂ ಹೇಳದೆ ಅಂಗಡಿಯ ಸಾಬರ ಮುಖ ನೋಡಿದೆ. ನಲವತ್ತು ವರ್ಷದಿಂದ ಈ ತಾಲ್ಲೂಕಿನ ರಿಮ್ಮುಗಳ ಬೆಂಡು ತೆಗೆದವರು ಅವರು. ಬೀಡಿ ಆರಿಸಿ ಎದ್ದು, "ಹಿಂದಿನ ಚಕ್ರ ಗಟ್ಟಿ ಹಿಡ್ಕೊಳ್ಳಿ ಸಾರ್. ನೀನು ಪೆಡಲನ್ನ ಹಿಂದಕ್ಕೆ ಒದಿಯಪ್ಪ, ಜೋರಾಗಿ" ಎಂದರು. ಅಪ್ಪ ಒಂದು ಕಡೆ, ನಾನು ಒಂದು ಕಡೆ ಚಕ್ರ ಹಿಡಿದೆವು. ಹುಡುಗ ಒದ್ದ. ಮೂರನೆಯ ಒದೆತಕ್ಕೆ ಒಳಗೇನೋ 'ಕಟ್' ಎಂದಿತು. ಪೆಡಲು ಹಿಂದಕ್ಕೆ ಸಲೀಸಾಗಿ ತಿರುಗಿತು. ನಮ್ಮ ಕೈಯಲ್ಲಿದ್ದ ಚಕ್ರ ಅಲ್ಲಾಡಲಿಲ್ಲ. ಯಾರೂ ಮಾತಾಡಲಿಲ್ಲ. ಆ 'ಕಟ್' ಶಬ್ದ ಘಾಟಿಯ ತಿರುವಿನಲ್ಲಿ ಬಂದಿದ್ದರೆ ಏನಾಗುತ್ತಿತ್ತು ಎಂಬುದು ಮೂವರಿಗೂ ಅರ್ಥವಾಗಿತ್ತು.

ಇದರ ವಿಜ್ಞಾನ ಸರಳ. ಸಾಮಾನ್ಯ ಹಬ್ಬಿನಲ್ಲಿ ಹಲ್ಲುಚಕ್ರವನ್ನು ಬಲತಿರುವಿನ ಮರೆಯಿಂದ ಕೂಡಿಸಿರುತ್ತಾರೆ. ಮುಂದಕ್ಕೆ ತುಳಿದಷ್ಟೂ ಬಿಗಿಯಾಗುತ್ತದೆ; ಹಿಂದಕ್ಕೆ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಫ್ರೀವೀಲ್ ಇದ್ದಾಗ ಹಿಂದಕ್ಕೆ ಒತ್ತಡವೇ ಬೀಳದ ಕಾರಣ ತೊಂದರೆಯಿಲ್ಲ. ಅದನ್ನು ವೆಲ್ಡ್ ಮಾಡಿದರೆ ಪ್ರತಿ ಬಾರಿ ತಡೆಯುವಾಗಲೂ ಬಿಚ್ಚುವ ಸ್ಪ್ಯಾನರ್ ಹಾಕಿದಂತೆಯೇ. ಇದಕ್ಕೆಂದೇ ತಯಾರಿಸಿದ ಹಬ್ಬಿನಲ್ಲಿ ಹಲ್ಲುಚಕ್ರದ ಹೊರಗೆ ಎಡತಿರುವಿನ ಇನ್ನೊಂದು ಬಳೆ ಇರುತ್ತದೆ. ಹಲ್ಲುಚಕ್ರ ಬಿಚ್ಚಿಕೊಳ್ಳಲು ಹೊರಟರೆ ಆ ಬಳೆ ಬಿಗಿಯಾಗಿ ತಡೆಯುತ್ತದೆ. ಎಡಗಡೆಯ ಪೆಡಲಿಗೂ ಎಡತಿರುವಿನ ಮರೆಯೇ ಇರುತ್ತದೆ. ನಂಬದವರು ಸ್ಪ್ಯಾನರ್ ಹಿಡಿದು ನೋಡಬಹುದು.

ಹಬ್ಬು ಸರಿಯಿದ್ದರೂ ಬ್ರೇಕಿಲ್ಲದೆ ಘಾಟಿ ಇಳಿಯುವುದು ಬೇರೆಯೇ ಮಾತು. 44-18 ಹಲ್ಲಿನ ಸೈಕಲ್ ಗಂಟೆಗೆ 40 ಕಿ.ಮೀ. ವೇಗ ಪಡೆದರೆ ಪೆಡಲು ನಿಮಿಷಕ್ಕೆ 124 ಸುತ್ತು ತಿರುಗುತ್ತದೆ, ಸೆಕೆಂಡಿಗೆ ಎರಡು. ಆಗ ಕಾಲು ಚಕ್ರವನ್ನು ತಿರುಗಿಸುತ್ತಿರುವುದಿಲ್ಲ, ಚಕ್ರವೇ ಕಾಲನ್ನು ತಿರುಗಿಸುತ್ತಿರುತ್ತದೆ. ನಿಲ್ಲಿಸುವಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಹಿಂದಿನ ಟೈರಿನ ಹಿಡಿತ ಕಡಿಮೆಯಾಗಿ ಅದು ಜಾರುತ್ತದೆ. ಮುಂದಿನ ಬ್ರೇಕಿನ ಬೆಲೆ ಇರುವುದು ಅಲ್ಲಿಯೇ. ಮಳೆಗಾಲದಲ್ಲಿ ಹೊಳೆಯುವ ಉಕ್ಕಿನ ರಿಮ್ಮು ನೆನೆದರೆ ಬ್ರೇಕಿನ ರಬ್ಬರು ಜಾರುತ್ತದೆ. ಅಲ್ಯೂಮಿನಿಯಂ ರಿಮ್ಮು ಎಷ್ಟೋ ವಾಸಿ. ಇದರ ಮೇಲೆ ನಮ್ಮ ಕಡೆ ಆನೆಗಳು. ಸದ್ದಿಲ್ಲದೆ ಸಾಗುವ ವಾಹನ ತಿರುವಿನಲ್ಲಿ ಆನೆಯ ಎದುರು ಹೋಗಿ ನಿಂತರೆ ಹಿಂದಕ್ಕೆ ತುಳಿಯುವ ಸರ್ಕಸ್ಸೂ ಉಪಯೋಗಕ್ಕೆ ಬಾರದು. ಮುಂಜಾನೆ, ಮುಸ್ಸಂಜೆ ತೋಟದ ರಸ್ತೆಗಳಲ್ಲಿ ಮಕ್ಕಳನ್ನು ಒಂಟಿಯಾಗಿ ಸೈಕಲ್ಲಿನಲ್ಲಿ ಕಳಿಸಬೇಡಿ. ಅರಣ್ಯ ಇಲಾಖೆಯ ಆನೆ ಮಾಹಿತಿಯನ್ನು ವಿಚಾರಿಸಿಕೊಂಡೇ ಕಳಿಸಿ.

ಹುಡುಗ ಸೈಕಲ್ ಬಿಡಲಿಲ್ಲ. ಬಿಡಲೆಂದು ನಾವೂ ಬಯಸಿರಲಿಲ್ಲ. ಬೆಂಗಳೂರಿನಿಂದ ಸರಿಯಾದ ಹಬ್ಬು ತರಿಸಿದ. ಅದರ ಒಂದು ಮಗ್ಗುಲಲ್ಲಿ ಬಿಗಿ ಹಲ್ಲುಚಕ್ರ, ಇನ್ನೊಂದರಲ್ಲಿ 22 ಹಲ್ಲಿನ ಫ್ರೀವೀಲ್. ಹಿಂದೆ ಮುಂದೆ ಎರಡೂ ಬ್ರೇಕು ಹಾಕಿದ್ದು ಸಾಬರು. ಕೂಲಿ ಕೊಟ್ಟದ್ದು ಅಪ್ಪ, ಗೊಣಗುತ್ತಲೇ. ಭೈರಾಪುರ, ಪಾಳ್ಯ, ಬಾಳ್ಳುಪೇಟೆ ದಾಟಿ ಸಕಲೇಶಪುರಕ್ಕೆ ಹೋಗಿಬಂದ. ಮಂಜರಾಬಾದ್ ಕೋಟೆಯ ದಿಣ್ಣೆಗೆ ಚಕ್ರ ತಿರುವಿ ಹಾಕಿಕೊಂಡೆ ಎಂದು ಹೇಳುವಾಗ ಅವನ ಮುಖ ನೋಡಬೇಕಿತ್ತು, ನೂರು ವರ್ಷದ ಹಿಂದಿನ ಫ್ರಾನ್ಸಿನ ಸವಾರನೇ ಎದುರಿಗೆ ನಿಂತಂತಿತ್ತು. ಘಾಟಿ ಮಾತ್ರ ಇಳಿಯಲಿಲ್ಲ. ಈಗ ಬ್ರೆವೆ ಎಂಬ ದೂರದ ಸವಾರಿಗೆ ತಯಾರಾಗುತ್ತಿದ್ದಾನೆ, 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕಂತೆ. ಅದು ಪಂದ್ಯವಲ್ಲ, ಮೊದಲು ಬಂದವರಿಗೆ ಬಹುಮಾನವೂ ಇಲ್ಲ ಎಂದು ಕೇಳಿದ ಮೇಲೆ ಅವರಪ್ಪನಿಗೆ ಸ್ವಲ್ಪ ಸಮಾಧಾನ.

ತಂದೆತಾಯಿಗಳಿಗೆ ನನ್ನದೊಂದು ವಿನಂತಿ. ಮಗ ಅಥವಾ ಮಗಳು ಹುಚ್ಚು ಸಾಹಸದ ಮಾತಾಡಿದಾಗ ಮೊದಲು ಆ ಸಾಮಾನನ್ನು ಅಂಗಳಕ್ಕೆ ತರಿಸಿ, ಬಲ್ಲವರೊಬ್ಬರ ಮುಂದೆ ಅದರ ಪರೀಕ್ಷೆ ಆಗಲಿ. ನಮ್ಮ ಬೈಗುಳಕ್ಕೆ ಅವರಲ್ಲಿ ಉತ್ತರವಿರುತ್ತದೆ, ಕಣ್ಣೆದುರು ಬಿಚ್ಚಿಕೊಂಡ ಹಲ್ಲುಚಕ್ರಕ್ಕೆ ಇರುವುದಿಲ್ಲ.

ವಿದ್ಯಾರ್ಥಿಗಳೇ, ಈ ಭಾನುವಾರ ನಿಮ್ಮ ಸೈಕಲ್ಲಿನ ಹಲ್ಲುಗಳನ್ನು ಎಣಿಸಿ. ಮುಂದಿನದನ್ನು ಹಿಂದಿನದರಿಂದ ಭಾಗಿಸಿ, ಚಕ್ರದ ಸುತ್ತಳತೆಯಿಂದ ಗುಣಿಸಿ. ನಿಮ್ಮ ಮನೆಯ ದಿಣ್ಣೆ ಹತ್ತಲು ಎಷ್ಟು ಹಲ್ಲು ಬೇಕೆಂದು ಲೆಕ್ಕ ಹಾಕಿ, ಉತ್ತರವನ್ನು ಸೈಕಲ್ ಅಂಗಡಿಯವರಿಗೆ ತೋರಿಸಿ. ಅವರು ಒಪ್ಪಿದರೆ ಹತ್ತಕ್ಕೆ ಹತ್ತು ಅಂಕ.