ಕಾಣದ ಹೊಗೆ

ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಪಾಠ ಹೇಳಿದವರಿಗೆ ಒಂದು ದುರಭ್ಯಾಸವು ಅಂಟಿಕೊಳ್ಳುತ್ತದೆ; ಪ್ರಶ್ನೆಯನ್ನು ಪೂರ್ತಿ ಕೇಳುವದಕ್ಕೆ ಮೊದಲೇ ಉತ್ತರವನ್ನು ಕೊಟ್ಟುಬಿಡುವದು. ಈ ದುರಭ್ಯಾಸದ ಮೂಲಕ ನಮ್ಮ ಮನೆಯಲ್ಲಿ ಆಗಬಾರದ್ದೊಂದು ಆಗುವದರಲ್ಲಿತ್ತು. ಅದನ್ನು ಮುಚ್ಚಿಡದೆ ಇಲ್ಲಿ ಹೇಳುತ್ತೇವೆ. ವಾಚಕರ ಮನೆಗಳಲ್ಲಿಯಾದರೂ ಅಂಥ ಪ್ರಸಂಗವು ಬಾರದಿರಲಿ.

ನಾವು ಹಾವೇರಿಯವರು. ಹಿಂದಿನ ವರ್ಷ ಶಾಲೆಯ ಕೆಲಸದಿಂದ ನಿವೃತ್ತರಾದ ಮೇಲೆ ಒಂದು ಹಳೆಯ ಪೆಟ್ರೋಲು ವ್ಯಾನನ್ನು ಕೊಂಡೆವು. ಹಿಂದಿನ ಆಸನವನ್ನು ಮಡಚಿ ಹಲಗೆ ಹಾಸಿದರೆ ಇಬ್ಬರು ಮಲಗಬಹುದು. ಹಲಗೆಯ ಕೆಳಗೆ ಪಾತ್ರೆ, ಅಕ್ಕಿ, ಬೇಳೆ. ಮೂಲೆಯಲ್ಲಿ ನೀರಿನ ಬಿಂದಿಗೆ. ಪರದೇಶಗಳಲ್ಲಿ ಇಂಥ ಬಂಡಿಗಳನ್ನು ಮನೆಯಂತೆಯೇ ಕಟ್ಟಿಸಿ ಮೋಟಾರ್‌ಹೋಮ್ ಎನ್ನುತ್ತಾರಂತೆ. ನಮ್ಮದಕ್ಕೆ ನಾವು 'ಚಲದ್ಗೃಹ'ವೆಂದು ಹೆಸರಿಟ್ಟೆವು. ನಮ್ಮ ಮನೆಯವರು 'ಗಾಲಿಮನಿ' ಎಂದರು. ಮೊಮ್ಮಗನ ಬಾಯಲ್ಲಿ ಉಳಿದದ್ದು ಎರಡನೆಯ ಹೆಸರೇ. ಅದರಲ್ಲಿ ಕುಳಿತು ಗಳಗನಾಥ, ಕಾಗಿನೆಲೆ ಮೊದಲಾದ ಕಡೆಗಳಿಗೆ ಹೋಗಿಬಂದೆವು.

ಈ ಬಗೆಯ ವ್ಯಾನಿನಲ್ಲಿ ಎಂಜಿನು ಮುಂದಿನ ಆಸನಗಳ ಕೆಳಗೇ ಇರುತ್ತದೆ. ಕೆಲವು ತಿಂಗಳಾದ ಮೇಲೆ, ಬೆಳಗಿನ ತಂಪಿನಲ್ಲಿ ಎಂಜಿನನ್ನು ಚಾಲೂ ಮಾಡಿದ ಕೂಡಲೆ, ಗಡಿಯಾರವು ಅವಸರಪಟ್ಟಂತೆ 'ಟಿಕ್ ಟಿಕ್' ಎಂಬ ಸಪ್ಪಳವು ಕೇಳತೊಡಗಿತು. ನಾಲ್ಕಾರು ಕಿಲೋಮೀಟರು ಓಡಿದರೆ ಅದು ತಾನಾಗಿಯೇ ಅಡಗುತ್ತಿತ್ತು. ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ, ಯಾವದೋ ಅಂಟುಮುದ್ದೆಯನ್ನು ಸಂದಿಗೆ ಮೆತ್ತಿ 'ಆಯಿತು' ಎಂದರು. ತಾನಾಗಿ ಬಂದದ್ದು ತಾನಾಗಿ ಹೋಗುವದೆಂದು ನಾವೂ ಸುಮ್ಮನಾದೆವು.

ಕಳೆದ ಮಾಘಮಾಸದಲ್ಲಿ ಮಗಳ ಮನೆಗೆಂದು ಬ್ಯಾಡಗಿಗೆ ಹೋಗಿದ್ದೆವು. ಸುಗ್ಗಿಯ ದಿನಗಳಲ್ಲಿ ಆ ಊರಿನ ಮಾರುಕಟ್ಟೆಯನ್ನು ನೋಡಿದವರೇ ಬಲ್ಲರು. ಎಲ್ಲಿ ನೋಡಿದರೂ ಕೆಂಪು ರಾಶಿ, ಚೀಲಗಳ ಸಾಲು, ಕೆಮ್ಮುತ್ತ ಸೀನುತ್ತ ಓಡಾಡುವ ಜನ. ಬ್ಯಾಡಗಿ ಮೆಣಸಿನಕಾಯಿಯು ಸುಕ್ಕು ಮೈಯದು; ಖಾರ ಕಡಿಮೆ, ಬಣ್ಣ ಹೆಚ್ಚು. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಆದರೂ ರಾಶಿಯ ಮುಂದೆ ನಿಂತವರ ಮೂಗು ಗಂಟಲುಗಳಿಗೆ ಈ ಸೌಮ್ಯಗುಣವು ತಿಳಿಯುವದಿಲ್ಲ. ವರ್ಷದ ಖಾರಪುಡಿಗೆಂದು ೧೦ ಕಿಲೋ ಡಬ್ಬಿ ಮೆಣಸಿನಕಾಯಿಯನ್ನು ಕೊಂಡು ಗಾಲಿಮನೆಯಲ್ಲಿ ಹಾಕಿಕೊಂಡೆವು. ಆರು ವರ್ಷದ ಮೊಮ್ಮಗನನ್ನೂ ಕರೆದುಕೊಂಡೆವು. ಸಂಜೆಯ ಚಳಿಗಾಳಿಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡೆವು.

ಹಾವೇರಿಯನ್ನು ಮುಟ್ಟುವಾಗ ಹುಡುಗನು ಎಬ್ಬಿಸಿದರೂ ಏಳಲೊಲ್ಲನು. ಎತ್ತಿ ಕೆಳಗಿಳಿಸಿದ ಕೂಡಲೆ ವಾಂತಿ ಮಾಡಿಕೊಂಡನು. ನಮ್ಮ ಮನೆಯವರಿಗೂ ತಲೆಸಿಡಿತ. ನಾವು ಕ್ಷಣವೂ ತಡಮಾಡದೆ ತೀರ್ಪು ಕೊಟ್ಟೆವು: "ಮೆಣಸಿನಕಾಯಿಯ ಘಾಟು." ಅವರು ಮೆಲ್ಲಗೆ, "ಮೆಣಸಿನಕಾಯಿ ಇಲ್ಲದಾಗೂ ಈ ಗಾಡ್ಯಾಗ ಕೂತರ ನನ್ನ ತಲಿ ಹಿಡೀತದರೀ" ಎಂದರು. "ನಿನಗೆ ಮೋಟಾರು ಪ್ರಯಾಣವೇ ಒಗ್ಗದು" ಎಂದು ನಾವು ಆ ಮಾತನ್ನು ಅಲ್ಲಿಗೇ ಮುರಿದೆವು.

ಎಂಟು ದಿನಗಳ ತರುವಾಯ ಚೌಡಯ್ಯದಾನಪುರದ ಮುಕ್ತೇಶ್ವರನ ದರ್ಶನಕ್ಕೆಂದು ರಾಣೇಬೆನ್ನೂರಿನ ಮಾರ್ಗವಾಗಿ ಹೊರಟೆವು. ಗಾಡಿಯಲ್ಲಿ ಒಂದು ಮೆಣಸಿನಕಾಯಿಯೂ ಇರಲಿಲ್ಲ. ರಾಣೇಬೆನ್ನೂರು ಇನ್ನೂ ಸ್ವಲ್ಪ ದೂರವಿರುವಾಗ ಹಿಂದಿನಿಂದ, "ಗಾಡಿ ನಿಲ್ಲಸ್ರಿ!" ಎಂಬ ಕೂಗು ಕೇಳಿತು. ಮೂವತ್ತೈದು ವರ್ಷಗಳ ಸಂಸಾರದಲ್ಲಿ ಆ ಧ್ವನಿಯನ್ನು ನಾವು ಕೇಳಿರಲಿಲ್ಲ. ಹುಡುಗನ ಕುತ್ತಿಗೆಯು ಜೋತುಬಿದ್ದಿತ್ತು. ಅವರು ಅವನನ್ನು ಎತ್ತಿಕೊಂಡು ದಾರಿಯ ಬದಿಯ ಬೇವಿನ ಮರದ ಕೆಳಗೆ ಕುಳಿತರು. ಗಾಳಿ ಬೀಸುತ್ತಿತ್ತು. ಸ್ವಲ್ಪ ಹೊತ್ತಿಗೆ ಅವನು ಕಣ್ಣು ತೆರೆದನು. ಮತ್ತೆ ಸ್ವಲ್ಪ ಹೊತ್ತಿಗೆ ಚಕ್ಕುಲಿ ಕೇಳಿದನು. ಆಗ ಅವರು ಹೇಳಿದರು: "ಗಾಡ್ಯಾಗ ಕೂತರ ತ್ರಾಸ, ಇಳಿದರ ಆರಾಮ. ಕಿಟಕಿ ಮುಚ್ಚಿದರ ಹೆಚ್ಚು, ತೆಗೆದರ ಕಡಿಮಿ. ಮೆಣಸಿನಕಾಯಿ ಇರಲಿ ಬಿಡಲಿ, ಅಷ್ಟೇ. ತಪ್ಪು ಗಾಡೀದದ."

ತರ್ಕಶಾಸ್ತ್ರದಲ್ಲಿ ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಉದಾಹರಣೆಯು ಪ್ರಸಿದ್ಧವಾದದ್ದು. ಒಂದು ಇದ್ದಲ್ಲಿ ಮತ್ತೊಂದು ಇರುವದು ಅನ್ವಯ. ಇಲ್ಲದಲ್ಲಿ ಇಲ್ಲದಿರುವದು ವ್ಯತಿರೇಕ. ಇದನ್ನು ನಾವು ಎಷ್ಟೋ ಹುಡುಗರಿಗೆ ಬಾಯಿಪಾಠ ಮಾಡಿಸಿದ್ದೆವು. ತರ್ಕದ ಹೆಸರನ್ನೂ ಕೇಳದ ಗೃಹಿಣಿಯು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅದನ್ನೇ ಮಾಡಿ ಮುಗಿಸಿದ್ದಳು. ನಮಗೆ ನಾಚಿಕೆಯಾಯಿತು.

ಕಿಟಕಿಗಳನ್ನೆಲ್ಲ ತೆರೆದುಕೊಂಡು ನಾವೊಬ್ಬರೇ ವ್ಯಾನನ್ನು ರಾಣೇಬೆನ್ನೂರಿಗೆ ಒಯ್ದೆವು. ಅವರಿಬ್ಬರೂ ಬಸ್ಸಿನಲ್ಲಿ ಬಂದರು. ಮೊದಲು ವೈದ್ಯರಿಗೆ ಹುಡುಗನನ್ನು ತೋರಿಸಿದೆವು. ಅವರು ಎಲ್ಲವನ್ನೂ ಕೇಳಿಕೊಂಡು, "ಸಕಾಲಕ್ಕೆ ಇಳಿಸಿದಿರಿ" ಎಂದಷ್ಟೇ ಹೇಳಿ ವಿವರಿಸಿದರು. ಪೆಟ್ರೋಲು ಪೂರ್ತಿಯಾಗಿ ಉರಿಯದಿದ್ದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಂಟಲು ಕೆರೆಯುವ ಗುಣವೂ ಇಲ್ಲ. ರಕ್ತದಲ್ಲಿಯ ಹಿಮೋಗ್ಲೋಬಿನ್ ಪ್ರಾಣವಾಯುವಿಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆ ಮೇಲೆ ಓಕರಿಕೆ, ನಂತರ ನಿದ್ದೆ. ಆ ನಿದ್ದೆಯಿಂದ ಏಳದಿರುವದೂ ಉಂಟು. ಮಕ್ಕಳ ಉಸಿರಾಟವು ವೇಗವಾಗಿರುವದರಿಂದ ಅವರಿಗೆ ಇದು ಬೇಗ ತಗಲುತ್ತದೆ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ೧೯೮೬ರ ವರೆಗೂ ಕೆಲಸಗಾರರು ಪಂಜರದಲ್ಲಿ ಕ್ಯಾನರಿ ಹಕ್ಕಿಯನ್ನು ಒಯ್ಯುತ್ತಿದ್ದುದು ಈ ಕಾರಣಕ್ಕೇ. ಹಕ್ಕಿಯು ಒರಗಿದರೆ ಜನರು ಹೊರಗೋಡುತ್ತಿದ್ದರು. ಇದನ್ನು ಕೇಳಿ ನಾವು ಮೊಮ್ಮಗನ ಮುಖವನ್ನು ನೋಡಿದೆವು.

ಅಲ್ಲಿಂದ ಗ್ಯಾರೇಜಿಗೆ ಹೋದೆವು. ಮಿಸ್ತ್ರಿಯು ಎಂಜಿನು ತಣ್ಣಗಾಗುವ ವರೆಗೆ ಅದನ್ನು ಮುಟ್ಟಲಿಲ್ಲ. ಆಮೇಲೆ ಆಸನವನ್ನೆತ್ತಿ ದೀಪ ಹಿಡಿದು, "ಮಾಸ್ತರ, ಇಲ್ಲಿ ಮಸಿ ಗೆರಿ ನೋಡ್ರಿ. ಹೊಗಿ ಇಲ್ಲಿಂದ ಹೊಂಡಾಕತೈತಿ" ಎಂದನು. ಎಂಜಿನಿನಿಂದ ಸುಟ್ಟ ಅನಿಲವನ್ನು ಒಟ್ಟುಗೂಡಿಸಿ ಸೈಲೆನ್ಸರಿನ ಕಡೆಗೆ ಸಾಗಿಸುವ ಬೀಡುಕಬ್ಬಿಣದ ಕೊಳವೆಗಳ ಗೊಂಚಲಿಗೆ ಮ್ಯಾನಿಫೋಲ್ಡು ಎನ್ನುತ್ತಾರೆ. ಅದಕ್ಕೂ ಎಂಜಿನಿಗೂ ನಡುವೆ ಗ್ಯಾಸ್ಕೆಟ್ ಎಂಬ ತೆಳುವಾದ ಹಾಸು ಇರುತ್ತದೆ. ನಿತ್ಯವೂ ಕಾದು ಹಿಗ್ಗಿ, ಆರಿ ಕುಗ್ಗಿ, ಅದನ್ನು ಬಿಗಿಹಿಡಿದ ಸ್ಟಡ್ಡುಗಳಲ್ಲೊಂದು ಮುರಿದಿತ್ತು. ಅಲ್ಲಿಯ ಗ್ಯಾಸ್ಕೆಟ್ ಸುಟ್ಟುಹೋಗಿತ್ತು. ಕಾದಾಗ ಲೋಹವು ಹಿಗ್ಗಿ ಸಂದಿಯನ್ನು ಕಿರಿದು ಮಾಡುತ್ತಿದ್ದುದರಿಂದಲೇ ಸಪ್ಪಳವು ಅಡಗುತ್ತಿತ್ತು. ಸೋರಿಕೆಯು ಪೂರ್ತಿ ನಿಂತಿರಲಿಲ್ಲ. ಮೆತ್ತಿದ ಅಂಟು ಆ ಕಾವಿಗೆ ಬೂದಿಯಾಗಿತ್ತು. ಎಂಜಿನಿನ ಮುಚ್ಚಳದ ಸುತ್ತಲಿನ ರಬ್ಬರು ಹರಿದು, ಅನಿಲಕ್ಕೆ ಒಳಗೆ ಬರಲು ಬಾಗಿಲು ತೆರೆದಂತಾಗಿತ್ತು.

ಮುರಿದ ಸ್ಟಡ್ಡಿನ ಬುಡಕ್ಕೆ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಯಿಸಿದನು. ಮರುದಿನ ಅದರ ತುಂಡಿಗೆ ಒಂದು ನಟ್ಟನ್ನು ಬೆಸೆದು, ಅವಸರಪಡದೆ ಹಿಂದೆ ಮುಂದೆ ಆಡಿಸುತ್ತ ಹೊರತೆಗೆದನು. ಮ್ಯಾನಿಫೋಲ್ಡಿನ ಮುಖಕ್ಕೆ ಉಕ್ಕಿನ ನೇರಪಟ್ಟಿಯನ್ನಿಟ್ಟು ಡೊಂಕು ನೋಡಿದನು. ಬೆಳಕು ನುಸುಳಿದ್ದರಿಂದ ಯಂತ್ರಕ್ಕೆ ಕೊಟ್ಟು ಮಟ್ಟ ಮಾಡಿಸಿದನು. ಹೊಸ ಗ್ಯಾಸ್ಕೆಟ್ ಇಟ್ಟು, ನಟ್ಟುಗಳನ್ನು ನಡುವಿನಿಂದ ಅಂಚಿನ ಕಡೆಗೆ, ಒಮ್ಮೆಗೇ ಅಲ್ಲದೆ ಹಂತಹಂತವಾಗಿ, ಬಿಗಿಯನ್ನು ಅಳೆಯುವ ಪಾನಾದಿಂದ ತಿರುವಿದನು. ಒಂದು ಸುತ್ತು ಓಡಿಸಿ, ಪೂರ್ತಿ ಆರಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿದನು. ಹರಿದ ರಬ್ಬರನ್ನೂ ಬದಲಿಸಿದನು. ಗ್ಯಾಸ್ಕೆಟಿನ ಬೆಲೆಯು ಅಂದಿನ ನಮ್ಮ ಊಟದ ಖರ್ಚಿಗಿಂತ ಹೆಚ್ಚಿರಲಿಲ್ಲ.

ಗೃಹಸ್ಥರಾದ ವಾಚಕರಿಗೆ ನಮ್ಮ ವಿನಂತಿಯು ಇಷ್ಟೆ. ಗಾಡಿಯಲ್ಲಿ ಕುಳಿತಾಗ ತಲೆನೋವು ಬಂದು, ಇಳಿದಾಗ ಹೋಗುತ್ತಿದ್ದರೆ ಗಾಡಿಯನ್ನು ಪರೀಕ್ಷಿಸಿರಿ. ಎಂಜಿನು ನಡೆಯುತ್ತಿರುವಾಗ ಹಿಂಬಾಗಿಲನ್ನು ತೆರೆದಿಡಬೇಡಿರಿ. ಹೊರಗಿನ ಹೊಗೆಯು ಒಳಗೇ ಸೆಳೆಯಲ್ಪಡುತ್ತದೆ. ನಿಂತ ಗಾಡಿಯಲ್ಲಿ ಎಂಜಿನನ್ನು ನಡೆಸುತ್ತ ಎಂದಿಗೂ ನಿದ್ರಿಸಬೇಡಿರಿ. ಈ ವಿಷವು ಗಾಡಿಗೆ ಮಾತ್ರ ಸೇರಿದ್ದಲ್ಲ. ಬಾಗಿಲು ಮುಚ್ಚಿದ ಬಾಣಂತಿಯ ಕೋಣೆಯಲ್ಲಿಯ ಕೆಂಡದ ಅಗ್ಗಿಷ್ಟಿಕೆಯಲ್ಲಿಯೂ, ಗಾಳಿಯಾಡದ ಬಚ್ಚಲಿನಲ್ಲಿಯ ಗ್ಯಾಸ್ ಗೀಸರಿನಲ್ಲಿಯೂ ಅದೇ ಶತ್ರುವು ಅಡಗಿರಬಲ್ಲದು.

ಬ್ಯಾಡಗಿಯ ಮೆಣಸಿನಕಾಯಿಯ ಮೇಲೆ ನಾವು ಸುಳ್ಳು ಆರೋಪವನ್ನು ಹೊರಿಸಿದ್ದೆವು. ಅದು ಪಾಪ, ದೂರದಿಂದಲೇ ಕೆಮ್ಮಿಸಿ, ಸೀನಿಸಿ, ತಾನಿರುವದನ್ನು ಸಾರುತ್ತದೆ. ಕೊಲ್ಲುವದು ಸಾರಿಕೊಂಡು ಬರುವದಿಲ್ಲ. ಅದು ಬಂದಿತೆಂದು ಹೇಳುವವರು ಮನೆಯಲ್ಲಿರುತ್ತಾರೆ. ಕೇಳುವ ಕಿವಿಗಳು ಬೇಕು.

ಈಗ ಬೆಳಿಗ್ಗೆ ಗಾಲಿಮನೆಯನ್ನು ಚಾಲೂ ಮಾಡಿದ ಕೂಡಲೆ ನಮ್ಮ ಮನೆಯವರು ಸ್ವಲ್ಪ ಹೊತ್ತು ಕಿವಿಗೊಟ್ಟು ನಿಲ್ಲುತ್ತಾರೆ. ನಾವು ಅವರ ಮುಖವನ್ನು ನೋಡುತ್ತ ಕುಳಿತಿರುತ್ತೇವೆ. "ನಡೀರಿ ಇನ್ನ" ಎಂದರೆ ಹೊರಡುತ್ತೇವೆ.