ಮೇಣದಲ್ಲಿ ನಿಂತ ದನಿ

ಶಬ್ದವು ಒಂದು ಕ್ಷಣದಲ್ಲಿ ಹುಟ್ಟಿ, ಮತ್ತೊಂದರಲ್ಲಿ ನಿಂತು, ಮೂರನೆಯದರಲ್ಲಿ ನಾಶವಾಗುವುದೆಂದು ನೈಯಾಯಿಕರು ಹೇಳುವರು; ಅದು ನಿತ್ಯವೆಂದು ಮೀಮಾಂಸಕರು ವಾದಿಸುವರು. 13ನೆಯ ಶತಮಾನದ ನಮ್ಮ ಕೇಶಿರಾಜನಾದರೋ ಶಬ್ದವನ್ನು ದ್ರವ್ಯವೆಂದೇ ಎಣಿಸಿ, ಅದು ನಾಭಿಮೂಲದಲ್ಲಿ ಕಹಳೆಯಂತೆ ಹುಟ್ಟುವುದೆಂದೂ ಅದರ ಬಣ್ಣ ಬಿಳುಪೆಂದೂ ಶಬ್ದಮಣಿದರ್ಪಣದಲ್ಲಿ ಹೇಳಿದನು. ವ್ಯಾಕರಣದ ತರಗತಿಯಲ್ಲಿ ಈ ಸೂತ್ರ ಬಂದಾಗ ಮಕ್ಕಳು ನಗುವುದುಂಟು. ಶಿರಾ ತಾಲ್ಲೂಕಿನ ಮದಲೂರಿನಲ್ಲಿ ನೆಲೆಸಿರುವ ನಿವೃತ್ತ ಕೈಕೆಲಸದ ಉಪಾಧ್ಯಾಯರೊಬ್ಬರು ಮಾತ್ರ ಇನ್ನು ಮುಂದೆ ನಗಲಾರರು.

ಗಡಿಯಾರ, ಹೊಲಿಗೆಯ ಯಂತ್ರ, ನೀರೆತ್ತುವ ಪಂಪು, ಇವನ್ನು ಬಿಚ್ಚಿ ಜೋಡಿಸುವುದು ಆ ಮೇಷ್ಟರಿಗೆ ರೂಢಿ. ಫೋನೋಗ್ರಾಫನ್ನು ಅವರು ಕಣ್ಣಾರೆ ಕಂಡಿರಲಿಲ್ಲ. ಮಧುಗಿರಿಯ ಕಡೆಯ ವೃದ್ಧೆಯೊಬ್ಬರು ತಮ್ಮ ಅಟ್ಟದ ಮೇಲಿದ್ದ ಮರದ ಪೆಟ್ಟಿಗೆಯನ್ನು ಆಟೋದಲ್ಲಿ ಹಾಕಿಸಿಕೊಂಡು ಬಂದು ಜಗುಲಿಯ ಮೇಲಿಳಿಸಿ, “ಮೇಷ್ಟ್ರೇ, ಇದ್ರಾಗೆ ನಮ್ ತಾತನ ದನಿ ಐತಂತೆ. ನಾನ್ ಹುಟ್ಟೋಕ್ ಮುಂಚೇನೇ ಹೋದೋರು. ಒಂದ್ಸಲ ಕೇಳಿಸ್ಕೊಡಿ” ಎಂದರು. “ನೋಡಾಣ ತಾಯಿ” ಎಂದು ಮೇಷ್ಟರು ಪೆಟ್ಟಿಗೆಯನ್ನು ಒಳಗಿಟ್ಟರು.

ತೆರೆದಾಗ ಕಂಡದ್ದು ಎಡಿಸನ್ ಕಂಪನಿಯ ‘ಸ್ಟ್ಯಾಂಡರ್ಡ್’ ಮಾದರಿಯ ಯಂತ್ರ, ತುಕ್ಕು ಹಿಡಿದ ಕಹಳೆ, ರಟ್ಟಿನ ಡಬ್ಬಿಗಳಲ್ಲಿ ಐದು ಉರುಳೆ. ಎರಡು ನೀಲಿ, ಎರಡು ಕಪ್ಪು, ಒಂದು ಕಂದು. ಕಂದು ಉರುಳೆಯ ಡಬ್ಬಿಯ ಮೇಲೆ ಹೆಸರಿರಲಿಲ್ಲ.

ಗ್ರಾಮಫೋನಿನ ತಟ್ಟೆಯನ್ನು ಬಲ್ಲವರೂ ಈ ಉರುಳೆಯನ್ನು ಕಂಡಿರುವುದು ವಿರಳ. 1877ರಲ್ಲಿ ಎಡಿಸನ್ ಮಹಾಶಯನು ತವರದ ತೆಳುಹಾಳೆಯ ಮೇಲೆ ತನ್ನ ದನಿಯನ್ನು ನಿಲ್ಲಿಸಿದನು. ಹತ್ತು ವರ್ಷ ಕಳೆಯುವಷ್ಟರಲ್ಲಿ ಹಾಳೆಯ ಬದಲು ಮೇಣ ಬಂದಿತು. ಕಹಳೆಯ ಮುಂದೆ ಆಡಿದ ಮಾತು ತೆಳ್ಳನೆಯ ಪೊರೆಯನ್ನು ನಡುಗಿಸುತ್ತದೆ. ಪೊರೆಗೆ ಸೇರಿದ ಮೊನೆ ತಿರುಗುವ ಮೇಣದಲ್ಲಿ ತಗ್ಗುದಿಣ್ಣೆಗಳ ಗೆರೆ ಕೊರೆಯುತ್ತದೆ. ಇನ್ನೊಂದು ಮೊನೆ ಅದೇ ಗೆರೆಯಲ್ಲಿ ಏರಿಳಿದರೆ ಅದೇ ಮಾತು ಕೇಳಿಸುತ್ತದೆ. ಉರುಳೆ ಸುತ್ತುವುದು ನಿಮಿಷಕ್ಕೆ 160 ಸಲ, ಹಾಡಿನ ಅವಧಿ ಎರಡೇ ನಿಮಿಷ. 1908ರಲ್ಲಿ ಗೆರೆಗಳನ್ನು ಇಮ್ಮಡಿ ಒತ್ತಾಗಿಸಿ ನಾಲ್ಕು ನಿಮಿಷದ್ದನ್ನು ಮಾಡಿದರು. 1912ರಲ್ಲಿ ನೀಲಿ ಸೆಲ್ಯುಲಾಯ್ಡ್ ಉರುಳೆ ಬಂದಿತು. 1929ರಲ್ಲಿ ಎಡಿಸನ್ ಕಂಪನಿ ಇವುಗಳ ತಯಾರಿಕೆಯನ್ನೇ ನಿಲ್ಲಿಸಿತು. ತಟ್ಟೆಯ ಯಂತ್ರಕ್ಕಿಲ್ಲದ ಒಂದು ಭಾಗ್ಯ ಇದಕ್ಕಿತ್ತು: ಮನೆಯ ಯಜಮಾನನೇ ಕಹಳೆಯ ಮುಂದೆ ಕುಳಿತು ತನ್ನ ದನಿಯನ್ನು ಮುದ್ರಿಸಬಹುದಾಗಿತ್ತು. ವೃದ್ಧೆಯ ಮಾತು ಸುಳ್ಳಿರಲಾರದು.

ದುರಸ್ತಿಗೆ ಮೂರು ತಿಂಗಳು ಹಿಡಿಯಿತು. ಬಿಗಿದ ಸ್ಪ್ರಿಂಗು ಬಿಚ್ಚುವವನ ಬೆರಳನ್ನು ಕತ್ತರಿಸಬಲ್ಲದೆಂದು ಗಡಿಯಾರದಿಂದ ಕಲಿತಿದ್ದ ಮೇಷ್ಟರು ಮೊದಲು ಕೀಲಿಯನ್ನೆಲ್ಲ ಇಳಿಯಬಿಟ್ಟರು. ಹಳೆಯ ಗ್ರೀಸು ಬೆಲ್ಲದ ಅಚ್ಚಿನಂತೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿ, ಬಿದಿರಕಡ್ಡಿಯಿಂದ ಕೆರೆದು ತೆಗೆದರು. ಒಣಗಿ ಸೀಳಿದ್ದ ಚರ್ಮದ ಪಟ್ಟಿಗೆ ಬದಲಾಗಿ ಚಪ್ಪಲಿ ಹೊಲಿಯುವವರಿಂದ ತೆಳುವಾದ ಹೊಸ ಪಟ್ಟಿ ಮಾಡಿಸಿದರು. ಧ್ವನಿಪೆಟ್ಟಿಗೆಯಲ್ಲಿ ಪೊರೆಯನ್ನು ಹಿಡಿದಿದ್ದ ರಬ್ಬರು ಬಳೆ ಕಲ್ಲಾಗಿತ್ತು. ಸೈಕಲ್ಲಿನ ವಾಲ್ವ್ ಟ್ಯೂಬನ್ನು ಅಳತೆಗೆ ಕತ್ತರಿಸಿ ಕೂರಿಸಿದರು. ನೀಲಿ ಉರುಳೆಗಳಲ್ಲಿ ಒಂದು ಯಂತ್ರದ ಕೊಳವಿಗೆ ಏರಲೊಲ್ಲದು. ಒಳಗಿನ ಪ್ಲಾಸ್ಟರು ತೇವ ಕುಡಿದು ಉಬ್ಬಿತ್ತು. ಒತ್ತಿದ್ದರೆ ಸೀಳುತ್ತಿತ್ತು, ಮರಳುಕಾಗದದಿಂದ ಒಳಮೈಯನ್ನು ಉಜ್ಜಿ ಉಜ್ಜಿ ಹದಕ್ಕೆ ತಂದರು. ಇಷ್ಟು ತಾಳ್ಮೆಯುಳ್ಳವರು ಮುಂದಿನ ಹೆಜ್ಜೆಯಲ್ಲಿ ಎಡವಿದ್ದು ಸೋಜಿಗ.

ಮೊದಲ ಸಲ ಯಂತ್ರ ನುಡಿದ ಸಂಜೆ ಓಣಿಯ ಮಕ್ಕಳೆಲ್ಲ ನೆರೆದಿದ್ದರು. ಕಪ್ಪು ಉರುಳೆಯೊಂದರಿಂದ ವಿಲಾಯಿತಿ ಬ್ಯಾಂಡಿನ ವಾದ್ಯ ಹೊಮ್ಮಿತು. “ಇನ್ನೊಂದ್ಸಲ ಸಾರ್” ಎಂದು ಮಕ್ಕಳು. ಮೇಷ್ಟರೂ ಮಗುವೇ ಆದರು. ಹತ್ತನೆಯ ಸಲಕ್ಕೆ ವಾದ್ಯಕ್ಕಿಂತ ಕೊರೆಯುವ ಸದ್ದೇ ಹೆಚ್ಚಾಯಿತು. ಬಗ್ಗಿ ನೋಡಿದರೆ ಮೊನೆಯ ಸುತ್ತ ಬೂದಿಯಂಥ ನುಣ್ಣನೆಯ ಪುಡಿ. ಧ್ವನಿಪೆಟ್ಟಿಗೆಯ ಮೇಲಿದ್ದ ‘ಎಚ್’ ಎಂಬ ಅಕ್ಷರದ ಅರ್ಥ ಅವರಿಗೆ ಆಮೇಲೆ ತಿಳಿಯಿತು. ಅದು ನಾಲ್ಕು ನಿಮಿಷದ ಉರುಳೆಗೆಂದು ಮಾಡಿದ ಸಣ್ಣ ಮೊನೆ. ಕಪ್ಪು ಉರುಳೆಯಾದರೋ ಎರಡು ನಿಮಿಷದ್ದು, ಅದಕ್ಕೆ ‘ಸಿ’ ಗುರುತಿನ ಅಗಲ ಮೊನೆ ಬೇಕು. ಸಣ್ಣ ಮೊನೆಯು ಅಗಲ ಗೆರೆಯ ತಳವನ್ನು ಉಳುತ್ತಾ ಹೋಗಿತ್ತು. ಮೇಷ್ಟರು ಆ ಪುಡಿಯನ್ನು ಕಾಗದದ ಮೇಲೆ ಕೂಡಿಸಿ ಬಹಳ ಹೊತ್ತು ನೋಡಿದರು. ಶಬ್ದವು ದ್ರವ್ಯವೆಂಬ ಮಾತಿಗೆ ಇದಕ್ಕಿಂತ ಪ್ರತ್ಯಕ್ಷ ಪ್ರಮಾಣ ಬೇಕೆ? ಕೇಶಿರಾಜನು ಬಿಳುಪೆಂದನು, ಇಲ್ಲಿ ಬೂದು, ಅಷ್ಟೇ ಭೇದ.

ನಮ್ಮ ನಾಡಿನಲ್ಲಿ ಹೀಗೆ ಮೇಣಕ್ಕೆ ಒಪ್ಪಿಸಿ ಕಳೆದುಕೊಂಡ ದನಿಗಳಲ್ಲಿ ದೊಡ್ಡದೊಂದಿದೆ. 1892ರಲ್ಲಿ, ಚಿಕಾಗೋಗೆ ಹೋಗುವ ಮುನ್ನ, ಸ್ವಾಮಿ ವಿವೇಕಾನಂದರು ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಗಳಾಗಿದ್ದಾಗ ಮಹಾರಾಜರು ಅವರ ದನಿಯನ್ನು ಫೋನೋಗ್ರಾಫಿನಲ್ಲಿ ಮುದ್ರಿಸಿಕೊಂಡರು. ಅದು ಅರಮನೆಯಲ್ಲಿ ಉಳಿದಿತ್ತಾದರೂ ಕೇಳಲಾಗದಷ್ಟು ಅಸ್ಪಷ್ಟವಾಯಿತೆಂದು ಸ್ವಾಮಿಗಳ ಜೀವನಚರಿತ್ರೆ ಹೇಳುತ್ತದೆ. ಚಿಕಾಗೋ ಭಾಷಣವೆಂದು ಈಗ ಮೊಬೈಲುಗಳಲ್ಲಿ ಹರಿದಾಡುವ ದನಿ ಅವರದಲ್ಲ. ಮೈಸೂರಿನಲ್ಲೇ 1930ರಲ್ಲಿ ತೀರಿಕೊಂಡ ಗೌಹರ್ ಜಾನ್ ಅವರು 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ್ದು ಇಂದಿಗೂ ಕೇಳಸಿಗುತ್ತದೆ. ಅದು ತಟ್ಟೆ, ಒಂದು ಅಚ್ಚಿಗೆ ಅನೇಕ ಪ್ರತಿ. ಮನೆಯಲ್ಲಿ ಕೊರೆದ ಮೇಣದ ಉರುಳೆಗೆ ಎರಡನೆಯ ಪ್ರತಿಯಿಲ್ಲ.

ವೃದ್ಧೆ ಬಂದ ದಿನ ಮೇಷ್ಟರು ನೀಲಿ ಉರುಳೆಗಳೆರಡನ್ನೂ ಕೇಳಿಸಿದರು. ಅವರು ತಲೆಯಾಡಿಸಿ, “ಇದಲ್ಲ, ಅದು” ಎಂದು ಕಂದು ಡಬ್ಬಿಯತ್ತ ಕೈ ತೋರಿದರು. ಕಂದು ಮೇಣವು ಕಪ್ಪಿಗಿಂತ ಮೆದು; ಅದರ ಮೇಲೆ ಬೂಷ್ಟಿನ ಚುಕ್ಕೆಗಳೂ ಎದ್ದಿದ್ದವು. ಅಮೆರಿಕದ ಬರ್ಕ್‌ಲಿಯ ಪ್ರಯೋಗಾಲಯದಲ್ಲಿ ಇಂಥ ಉರುಳೆಯನ್ನು ಮೊನೆ ತಾಗಿಸದೆ, ಬೆಳಕಿನಿಂದ ಗೆರೆಯ ತಗ್ಗುದಿಣ್ಣೆ ಅಳೆದು ದನಿ ತೆಗೆಯುವ ವಿಧಾನವನ್ನು ಕಂಡುಹಿಡಿದಿದ್ದಾರೆ. ಅಲ್ಲಿಯವರೆಗೆ ಇದನ್ನು ಒರೆಸಲೂ ಕೂಡದು, ನುಡಿಸಲೂ ಕೂಡದು ಎಂದು ಮೇಷ್ಟರು ತಿಳಿಸಿ ಹೇಳಿದರು.

“ಅಲ್ಲೀಗಂಟ ನಾನಿರ್ತೀನಾ ಮೇಷ್ಟ್ರೇ?”

ಮೇಷ್ಟರು ಕಾಗದದಲ್ಲಿ ಕಟ್ಟಿಟ್ಟಿದ್ದ ಪುಡಿಯನ್ನು ಬಿಚ್ಚಿ ತೋರಿಸಿದರು. ವೃದ್ಧೆಗೆ ಬಂದ ಕೋಪ ಅನ್ಯಾಯದ್ದೆನ್ನಲಾಗದು. ಯಾರಿಗಾಗಿ ಕಾಯುವುದೆಂಬ ಅವರ ಪ್ರಶ್ನೆಗೆ ಪುಡಿಯೊಂದೇ ಪೂರ್ಣ ಉತ್ತರವಲ್ಲ. ಬಹಳ ಹೊತ್ತು ಸುಮ್ಮನಿದ್ದು, ಉರುಳೆಯನ್ನು ಒಮ್ಮೆ ಕೈಯಲ್ಲಿ ಹಿಡಿಯಬಹುದೇ ಎಂದು ಕೇಳಿದರು. ಗೆರೆಯನ್ನು ಮುಟ್ಟದೆ ಎರಡು ಬೆರಳುಗಳನ್ನು ಒಳಗಿಟ್ಟು ಅಗಲಿಸಿ ಹಿಡಿಯುವ ಬಗೆಯನ್ನು ಮೇಷ್ಟರು ತೋರಿಸಿಕೊಟ್ಟರು. ಹಾಗೆಯೇ ಹಿಡಿದು, ಬಾಗಿಲ ಬೆಳಕಿಗೆ ತಿರುಗಿಸಿ ನೋಡಿ, ಅವರೇ ಡಬ್ಬಿಯೊಳಗಿಟ್ಟು ಮುಚ್ಚಿದರು. ಯಂತ್ರವನ್ನು ಮದಲೂರಿನಲ್ಲೇ ಬಿಟ್ಟು ಡಬ್ಬಿಯನ್ನು ಮಾತ್ರ ಸೆರಗಿನಲ್ಲಿ ಸುತ್ತಿಕೊಂಡು, ಬೆಂಗಳೂರಿನಲ್ಲಿರುವ ಮೊಮ್ಮಗನಿಗೆ ಹೇಳುವುದಾಗಿ ತಿಳಿಸಿ ಹೊರಟರು.