ಮಂಚದಡಿಯ ಅತಿಥಿ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದ ಮಕ್ಕಳು ಕನ್ನಡ ನಾಡಿನಲ್ಲಿ ವಿರಳ. ಇಲಿಗಳ ಕಾಟವನ್ನು ತಡೆಯಲು ಕೃಷ್ಣದೇವರಾಯನು ಮನೆಮನೆಗೂ ಒಂದು ಬೆಕ್ಕನ್ನೂ, ಅದರ ಹಾಲಿಗೆಂದು ಒಂದು ಹಸುವನ್ನೂ ಕೊಡಿಸಿದನಂತೆ. ರಾಮಕೃಷ್ಣನು ತನ್ನ ಪಾಲಿನ ಬೆಕ್ಕಿನ ಮುಂದೆ ಮೊದಲ ದಿನವೇ ಕುದಿಯುವ ಹಾಲನ್ನಿಟ್ಟನು. ಬಾಯಿ ಸುಟ್ಟುಕೊಂಡ ಬೆಕ್ಕು ಅಂದಿನಿಂದ ಹಾಲಿನ ಬಟ್ಟಲನ್ನು ಕಂಡೊಡನೆ ಓಡತೊಡಗಿತು. ಹಸುವಿನ ಹಾಲೆಲ್ಲ ರಾಮಕೃಷ್ಣನ ಮನೆಯವರ ಪಾಲಾಯಿತು. ಕಥೆ ಕೇಳಿದವರು ವಿಕಟಕವಿಯ ಜಾಣತನಕ್ಕೆ ನಗುತ್ತಾರೆ. ಆದರೆ ಬೆಕ್ಕಿನ ಕಡೆಯಿಂದ ಆ ಕಥೆಯನ್ನು ಹೇಳುವವರು ಕಡಮೆ. ಹೇಳಿದರೆ ಅದು ನಗೆಯ ಕಥೆಯಾಗಿ ಉಳಿಯಲಾರದು. ಒಮ್ಮೆ ಸುಟ್ಟ ನಾಲಗೆ ಮತ್ತೆಂದೂ ತಣ್ಣನೆಯ ಹಾಲನ್ನೂ ನಂಬದೆ ಹೋದ ಕಥೆ ಅದು.

ಅಂಥ ಬೆಕ್ಕುಗಳು ಇಂದು ನಗರಗಳ ಪ್ರಾಣಿ ಆಶ್ರಯಧಾಮಗಳಲ್ಲಿ ಕಾಣಸಿಗುತ್ತವೆ. ದಿಕ್ಕಿಲ್ಲದ ಪ್ರಾಣಿಗಳಿಗೆ ನೆಲೆ ಕಲ್ಪಿಸುವ ಕೆಲಸ ಹೊಸದೇನಲ್ಲ. ಮೇರಿ ಟೀಲ್ಬಿ ಎಂಬ ಮಹಿಳೆ 1860ರಲ್ಲಿ ಲಂಡನ್ನಿನಲ್ಲಿ ಬೀದಿಪಾಲಾದ ನಾಯಿಗಳಿಗಾಗಿ ಒಂದು ಆಶ್ರಯವನ್ನು ತೆರೆದರು. ಮುಂದೆ ಬ್ಯಾಟರ್ಸಿ ಎಂಬಲ್ಲಿಗೆ ಸ್ಥಳಾಂತರಗೊಂಡ ಆ ಸಂಸ್ಥೆ 1883ರಲ್ಲಿ ಬೆಕ್ಕುಗಳನ್ನೂ ಒಳಗೆ ಬಿಟ್ಟುಕೊಂಡಿತು. ಭಾರತದಲ್ಲಿ 1959ರಲ್ಲಿ ಮದರಾಸಿನ ಬ್ಲೂ ಕ್ರಾಸ್ ಸಂಸ್ಥೆ ಹುಟ್ಟಿತು. ರುಕ್ಮಿಣಿದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಕಾಯಿದೆ ಬಂದಿತು. ಹಸಿವು ನೀರಡಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆದುಹೋಗುವುದು ಆ ಕಾಯಿದೆಯಂತೆ ಅಪರಾಧ. ಆದರೂ ಮನೆ ಬದಲಿಸುವಾಗ ಮುರುಕು ಕುರ್ಚಿಯೂ ಲಾರಿಯನ್ನೇರುತ್ತದೆ, ಬೆಕ್ಕು ಮಾತ್ರ ಅಂಗಳದಲ್ಲಿ ಉಳಿಯುತ್ತದೆ. ನಾಯಿ ಯಜಮಾನನನ್ನು ನೆಚ್ಚುತ್ತದೆ, ಬೆಕ್ಕು ಮನೆಯನ್ನು ನೆಚ್ಚುತ್ತದೆ ಎಂಬ ಮಾತು ಹಾಗೆ ಬಿಟ್ಟುಹೋಗುವವರ ಮನಸ್ಸಿಗೆ ಅಗ್ಗದ ಸಮಾಧಾನ. ಹೀಗೆ ಉಳಿದ ಬೆಕ್ಕುಗಳ ಮರಿಗಳು ಬೀದಿಯಲ್ಲಿ ಕಣ್ಣು ಬಿಡುತ್ತವೆ. ಮನುಷ್ಯನ ಕೈಯನ್ನು ಅವು ಮೊದಲು ಅರಿಯುವುದು ಬೀಸಿದ ಕಲ್ಲಿನ ಮೂಲಕ, ಎತ್ತಿದ ಪೊರಕೆಯ ಮೂಲಕ.

ಬೆಂಗಳೂರಿನ ಒಂದು ಆಶ್ರಯಧಾಮಕ್ಕೆ ಬಂದ ಅಂಥ ಹೆಣ್ಣುಬೆಕ್ಕೊಂದಕ್ಕೆ ಮೈಬಣ್ಣ ನೋಡಿ ‘ಬೂದಿ’ ಎಂದು ಹೆಸರಿಟ್ಟಿದ್ದರು. ಭಾನುವಾರಗಳಂದು ಜನ ಬೆಕ್ಕುಗಳನ್ನು ಸಾಕಲೆಂದು ಅಲ್ಲಿಗೆ ಬರುತ್ತಿದ್ದರು. ಸರಳುಗಳ ನಡುವಿನಿಂದ ಪಂಜ ಚಾಚಿ ಕರೆಯುವ ಮರಿಗಳು, ಬಂದವರ ಕಾಲಿಗೆ ಮೈಯುಜ್ಜುವ ಬೆಕ್ಕುಗಳು ಒಂದೊಂದಾಗಿ ಮನೆ ಸೇರುತ್ತಿದ್ದವು. ಬೂದಿ ಗೂಡಿನ ಹಿಂಬದಿಗೆ ಅಂಟಿಕೊಂಡು, ಕಿವಿಗಳನ್ನು ತಲೆಗೆ ಒತ್ತಿಕೊಂಡು, ಪಾಪೆಗಳನ್ನು ಅಗಲಿಸಿಕೊಂಡು ಕುಳಿತಿರುತ್ತಿತ್ತು. ಹತ್ತಿರ ಬಂದವರನ್ನು ಕಂಡು ಬುಸುಗುಟ್ಟುತ್ತಿತ್ತು. “ಇದಕ್ಕೆ ಬಹಳ ಪೊಗರು” ಎಂದು ಬಂದವರು ಮುಂದಿನ ಗೂಡಿಗೆ ಹೋಗುತ್ತಿದ್ದರು. ಆಶ್ರಯಧಾಮಗಳ ವಿಪರ್ಯಾಸವೇ ಇದು. ಮನೆಯ ಅಗತ್ಯ ಯಾವುದಕ್ಕೆ ಎಲ್ಲಕ್ಕಿಂತ ಹೆಚ್ಚೋ ಅದೇ ಎಲ್ಲಕ್ಕಿಂತ ಕೊನೆಯಲ್ಲಿ ಉಳಿಯುತ್ತದೆ.

ಬೂದಿಯದು ಪೊಗರಲ್ಲ, ಭಯ. ಬೆಕ್ಕಿನ ಮರಿಗೆ ಎರಡು ವಾರ ತುಂಬಿದಂದಿನಿಂದ ಏಳು ವಾರವಾಗುವವರೆಗಿನ ಕಾಲ ಅದರ ಬಾಳಿನ ಮುಖ್ಯ ಘಟ್ಟ. ಆ ದಿನಗಳಲ್ಲಿ ಮೃದುವಾದ ಕೈಗಳು ಅದನ್ನು ಎತ್ತಿ ಆಡಿಸಿದರೆ ಮನುಷ್ಯರು ತನ್ನವರೆಂಬ ಭಾವ ಅದರಲ್ಲಿ ಬೇರೂರುತ್ತದೆ. ಆ ಅವಧಿ ಬರಿದಾಗಿ ಕಳೆದರೆ ಮುಂದೆ ಅದೇ ಪಾಠವನ್ನು ಕಲಿಸಲು ತಿಂಗಳುಗಟ್ಟಲೆ ತಾಳ್ಮೆ ಬೇಕು. ಇದರ ಜೊತೆಗೆ ಬೆಕ್ಕಿನ ಕಿವಿಯೂ ಬಹು ಸೂಕ್ಷ್ಮ. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದ ಕೇಳಿಸಿದರೆ, ಬೆಕ್ಕಿಗೆ 60,000ಕ್ಕೂ ಮೇಲಿನ ಶಬ್ದ ಕೇಳಿಸುತ್ತದೆ. ಪಕ್ಕದಲ್ಲಿ ಬೊಗಳುವ ನಾಯಿಗಳು, ತಗಡಿನ ಬಾಗಿಲುಗಳ ಸದ್ದು, ದಿನಕ್ಕೊಂದು ಅಪರಿಚಿತ ವಾಸನೆ - ಇವುಗಳ ನಡುವೆ ಓಡಲು ಹಾದಿಯಿಲ್ಲದ ಪ್ರಾಣಿ ಅಡಗಲು ಬಯಸುವುದು ಸಹಜ. ನೆದರ್ಲೆಂಡಿನ ಒಂದು ಆಶ್ರಯಧಾಮದಲ್ಲಿ ಹೊಸದಾಗಿ ಬಂದ 19 ಬೆಕ್ಕುಗಳ ಪೈಕಿ 10ಕ್ಕೆ ಅಡಗುವ ಪೆಟ್ಟಿಗೆಯನ್ನು ಕೊಟ್ಟು, ಉಳಿದ 9ಕ್ಕೆ ಕೊಡದೆ ಹೋಲಿಸಿ ನೋಡಿದರು. ಪೆಟ್ಟಿಗೆ ದೊರೆತ ಬೆಕ್ಕುಗಳು ಬೇಗನೆ ಶಾಂತವಾದವೆಂದು 2014ರಲ್ಲಿ ಪ್ರಕಟವಾದ ಆ ಅಧ್ಯಯನ ತಿಳಿಸಿತು. ಅಂಗಡಿಯವರು ಬಿಸಾಡುವ ರಟ್ಟಿನ ಪೆಟ್ಟಿಗೆಯೂ ಒಂದು ಜೀವಕ್ಕೆ ಔಷಧವಾಗಬಲ್ಲದು. ಬೂದಿಯ ಗೂಡಿನಲ್ಲಿಯೂ ಅಂಥದೊಂದು ಪೆಟ್ಟಿಗೆಯನ್ನಿಟ್ಟರು. ಅದು ಅದರೊಳಗೆ ಸೇರಿಕೊಂಡಿತು. ನೆಮ್ಮದಿಯೇನೋ ದೊರೆಯಿತು, ಆದರೆ ನೋಡಲು ಬಂದವರ ಕಣ್ಣಿಗೆ ಅದು ಬೀಳುವುದೂ ನಿಂತುಹೋಯಿತು.

ಒಂದು ದಿನ ನಿವೃತ್ತ ಉಪಾಧ್ಯಾಯಿನಿಯೊಬ್ಬರು ಮೊಮ್ಮಗನೊಡನೆ ಅಲ್ಲಿಗೆ ಬಂದರು. ಹುಡುಗ ಒಂಬತ್ತನೆಯ ತರಗತಿಯವನು. ಯಾರೂ ಒಯ್ಯದ ಬೆಕ್ಕು ಯಾವುದೆಂದು ಆ ವೃದ್ಧೆ ವಿಚಾರಿಸಿದಾಗ ಕೆಲಸದಾಕೆ ಪೆಟ್ಟಿಗೆಯನ್ನು ತೋರಿಸಿದಳು.

“ಅಮ್ಮಾ, ಸುಳ್ಳು ಹೇಳಿ ಕಳಿಸಲಾರೆ. ಇದು ಮಡಿಲಿಗೆ ಬರುವ ಬೆಕ್ಕಲ್ಲ. ಮೊದಲ ಕೆಲವು ವಾರ ಕಣ್ಣಿಗೆ ಬಿದ್ದರೆ ಅದೇ ಹೆಚ್ಚು” ಎಂದಳು.

“ಇರಲಿ, ನಮ್ಮಲ್ಲಿ ಮಂಚದ ಕೆಳಗೆ ಬೇಕಾದಷ್ಟು ಜಾಗವಿದೆ” ಎಂದರು ಅವರು.

ಬೆಕ್ಕಿಗೆ ಲಸಿಕೆ ಹಾಕಿಸಿತ್ತು. ಸಂತಾನಹರಣ ಶಸ್ತ್ರಚಿಕಿತ್ಸೆಯೂ ಆಗಿತ್ತು. ಮನೆಯ ಕಿಟಕಿಗಳಿಗೆ ಜಾಲರಿ ಹೊಡೆಸಿ, ಒಳಕೋಣೆಯೊಂದನ್ನು ತೆರವು ಮಾಡಿ, ಒಂದು ಮೂಲೆಯಲ್ಲಿ ಮರಳಿನ ತಟ್ಟೆ, ಇನ್ನೊಂದು ಮೂಲೆಯಲ್ಲಿ ನೀರು ಆಹಾರಗಳನ್ನು ಇರಿಸಿದರು. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗುವುದಿಲ್ಲವೆಂದು ಕೆಲಸದಾಕೆ ತಿಳಿಸಿದ್ದರಿಂದ ಬಟ್ಟಲಿನಲ್ಲಿ ಹಾಲಿನ ಬದಲು ಬೇಯಿಸಿದ ಮೀನಿತ್ತು. ಬುಟ್ಟಿಯ ಬಾಗಿಲು ತೆರೆದೊಡನೆ ಬೂದಿ ಮಂಚದಡಿಗೆ ನುಗ್ಗಿ ಗೋಡೆಗೆ ಒತ್ತಿ ಕುಳಿತಿತು. ಹಗಲು ಅದರ ಸುಳಿವೇ ಇಲ್ಲ. ರಾತ್ರಿ ಮನೆಯೆಲ್ಲ ಮಲಗಿದ ಮೇಲೆ ಮಾತ್ರ ಬಟ್ಟಲು ಬರಿದಾಗುತ್ತಿತ್ತು.

ಮೂರು ದಿನ ತಾಳಿದ ಹುಡುಗನಿಗೆ ನಾಲ್ಕನೆಯ ದಿನ ತಾಳ್ಮೆ ಕೆಟ್ಟಿತು. ಅಜ್ಜಿ ಇಲ್ಲದ ಹೊತ್ತು ನೋಡಿ ಮಂಚದಡಿಗೆ ಕೈ ಚಾಚಿ ಬೆಕ್ಕನ್ನು ಹೊರಕ್ಕೆಳೆಯಲು ಹೋದ. ಮರುಕ್ಷಣವೇ ಮುಂಗೈ ಮೇಲೆ ರಕ್ತದ ಗೆರೆಗಳು ಮೂಡಿದವು. ಅಜ್ಜಿ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಸಿ, ಒಡನೆಯೇ ವೈದ್ಯರ ಬಳಿಗೆ ಕರೆದೊಯ್ದು ಚುಚ್ಚುಮದ್ದು ಹಾಕಿಸಿದರು. ಹುಡುಗನಿಗೆ ನೋವಿಗಿಂತ ಅವಮಾನವೇ ಹೆಚ್ಚಾಗಿತ್ತು.

“ಅನ್ನ ಹಾಕಿದ ಕೈಯನ್ನೇ ಪರಚಿತಲ್ಲ, ಅಜ್ಜಿ!”

“ಅನ್ನ ಹಾಕಿದ್ದೀಯೆ, ನಿಜ. ಆದರೆ ಅದು ನಿನ್ನ ಕೈಯನ್ನು ನೋಡಿದ್ದು ಇವತ್ತೇ ಮೊದಲು. ನೋಡಿದಾಗ ಆ ಕೈ ಏನು ಮಾಡುತ್ತಿತ್ತು, ನೀನೇ ಹೇಳು.”

ಹುಡುಗ ಉತ್ತರ ಕೊಡಲಿಲ್ಲ. ಆ ರಾತ್ರಿ ಬಟ್ಟಲು ಬರಿದಾಗಲಿಲ್ಲ. ಮರುದಿನವೂ ಆಹಾರ ಇಟ್ಟಲ್ಲಿಯೇ ಇತ್ತು. ಬೆಕ್ಕು ಹಲವು ದಿನ ಉಪವಾಸವಿದ್ದರೆ ಅದರ ಪಿತ್ತಜನಕಾಂಗಕ್ಕೆ ಅಪಾಯವುಂಟು. ಸಂಜೆಯ ಹೊತ್ತಿಗೆ ಅಜ್ಜಿಯ ಮನಸ್ಸೂ ಡೋಲಾಯಮಾನವಾಯಿತು. ಇನ್ನೂ ತಿನ್ನದಿದ್ದರೆ ನಾಳೆ ಪಶುವೈದ್ಯರಿಗೆ ತೋರಿಸಿ, ಆಶ್ರಯಧಾಮಕ್ಕೇ ಮರಳಿಸುವುದು ಮೇಲೇನೋ ಎಂದರು. ಹಿಂದಿರುಗಿದರೆ ಅದು ಮತ್ತೆ ಆ ಪೆಟ್ಟಿಗೆಯೊಳಗೆ ಸೇರುವುದೆಂದು ಹುಡುಗನಿಗೆ ಗೊತ್ತಿತ್ತು. “ಇದೊಂದು ರಾತ್ರಿ ನೋಡೋಣ ಅಜ್ಜಿ” ಎಂದು ಬೇಡಿದ.

ಅಂದು ಅವನು ಮಂಚದಿಂದ ದೂರದಲ್ಲಿ, ಬಾಗಿಲ ಬಳಿ ನೆಲದ ಮೇಲೆ ಕುಳಿತು, ಬೆಕ್ಕಿನ ಕಡೆಗೆ ತಿರುಗದೆ ತನ್ನ ಸಮಾಜ ಪಾಠವನ್ನು ಮೆಲುದನಿಯಲ್ಲಿ ಓದತೊಡಗಿದ. ಕರೆಯಲಿಲ್ಲ, ಬಗ್ಗಿ ನೋಡಲಿಲ್ಲ. ಓದಿ ಮುಗಿದ ಮೇಲೆ ದೀಪವಾರಿಸಿ ಮೆಲ್ಲನೆ ಎದ್ದುಹೋದ. ನಡುರಾತ್ರಿ ಕತ್ತಲಲ್ಲಿ ಬಟ್ಟಲು ನೆಲಕ್ಕೆ ತಾಗಿ ಕಿಣಿಕಿಣಿ ಎಂದಿತು. ಅಜ್ಜಿ ಮೊಮ್ಮಕ್ಕಳಿಬ್ಬರೂ ಎಚ್ಚರವಾಗಿಯೇ ಇದ್ದರು, ಇಬ್ಬರೂ ಉಸಿರೆತ್ತಲಿಲ್ಲ.

ಅಂದಿನಿಂದ ಪ್ರತಿ ಸಂಜೆ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಪಾಠ ನಡೆಯಿತು. ಮೂರನೆಯ ವಾರ ಮಂಚದ ಅಂಚಿನಲ್ಲಿ ಎರಡು ಕಣ್ಣುಗಳು ಕಾಣಿಸಿಕೊಂಡವು. ದುರುಗುಟ್ಟಿ ನೋಡುವುದು ಬೆಕ್ಕಿನ ಲೋಕದಲ್ಲಿ ಬೆದರಿಕೆ. ರೆಪ್ಪೆಗಳನ್ನು ನಿಧಾನವಾಗಿ ಕಿರಿದಾಗಿಸಿ ಮುಚ್ಚಿ ತೆರೆಯುವುದು ಸ್ನೇಹದ ಸೂಚನೆ. ಮನುಷ್ಯರು ಹಾಗೆ ಮಾಡಿದಾಗ ಬೆಕ್ಕುಗಳೂ ಹಾಗೆಯೇ ಉತ್ತರಿಸುವುದುಂಟೆಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು 2020ರಲ್ಲಿ ತೋರಿಸಿದರು. ಹುಡುಗ ಪುಸ್ತಕದಿಂದ ತಲೆಯೆತ್ತಿ ಮೆಲ್ಲನೆ ಕಣ್ಣು ಮುಚ್ಚಿ ತೆರೆದ. ಬೂದಿ ಬಹಳ ಹೊತ್ತು ನೋಡಿತು. ಕೊನೆಗೆ ಅದರ ರೆಪ್ಪೆಗಳೂ ಕೆಳಗಿಳಿದವು. ಅದಕ್ಕಿಂತ ದೊಡ್ಡ ಬಹುಮಾನ ಅವನಿಗೆ ಆ ವರ್ಷ ಶಾಲೆಯಲ್ಲಿಯೂ ದೊರೆಯಲಿಲ್ಲ.

ಬೂದಿ ಮಡಿಲಿಗೇರುವ ಬೆಕ್ಕಾಗಲಿಲ್ಲ. ನೆಂಟರು ಬಂದರೆ ಇಂದಿಗೂ ಮಾಯವಾಗುತ್ತದೆ. ಹುಡುಗ ಕೈಯನ್ನು ಮೇಲಿನಿಂದ ತಾರದೆ ನೆಲದ ಮೇಲೆ ಚಾಚಿ ಕಾದರೆ, ಮನಸ್ಸು ಬಂದ ದಿನ ತಾನಾಗಿ ಬಂದು ಅದರ ಮೇಲೆ ಕೆನ್ನೆಯುಜ್ಜುತ್ತದೆ. ಮನಸ್ಸು ಬಾರದ ದಿನ ಬರುವುದಿಲ್ಲ. ಪ್ರಾಣಿಯನ್ನು ಸಾಕುವವರು ಬಹುಮಟ್ಟಿಗೆ ಅದರಿಂದ ಪ್ರೀತಿಯನ್ನು ಬಯಸಿಯೇ ಸಾಕುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಅಂಜಿದ ಜೀವಕ್ಕೆ ಮನೆ ಕೊಡುವವರು ಆ ಬಯಕೆಯನ್ನು ಕೆಲಕಾಲ ಹೊಸಲಿನ ಆಚೆ ಇರಿಸಬೇಕು. ಅನ್ನ, ನೀರು, ಮಾಡುಗಳನ್ನು ಒಂದೇ ದಿನದಲ್ಲಿ ಕೊಡಬಹುದು. ನಂಬಿಕೆಯನ್ನು ಕೊಡಬೇಕಾದದ್ದು ಆ ಜೀವವೇ; ಅದಕ್ಕೆ ಎಷ್ಟು ದಿನ ಬೇಕೆಂಬುದನ್ನು ಗೊತ್ತುಮಾಡುವ ಹಕ್ಕೂ ಅದರದೇ.

ಆ ವರ್ಷದ ದೀಪಾವಳಿಯ ರಾತ್ರಿ ಬೀದಿಯಲ್ಲಿ ಪಟಾಕಿ ಸಿಡಿದೊಡನೆ, ನಡುಮನೆಯಲ್ಲಿ ಮಲಗಿದ್ದ ಬೂದಿ ಬೆಚ್ಚಿ ಎದ್ದಿತು. ಅಂಗಳದ ಬಾಗಿಲು ಅರ್ಧ ತೆರೆದಿತ್ತು. ಅದು ಆ ಕಡೆಗೆ ಓಡಲಿಲ್ಲ. ಒಳಕೋಣೆಗೆ ಧಾವಿಸಿ ಮಂಚದಡಿಯನ್ನು ಸೇರಿತು. ಬಂದ ದಿನ ಅದು ಅಲ್ಲಿ ಅಡಗಿದ್ದು ಆ ಮನೆಗೆ ಹೆದರಿ; ಈಗ ಅಡಗಿದ್ದು ಆ ಮನೆಯನ್ನು ನಂಬಿ. ಹುಡುಗ ಬಾಗಿಲು ಮುಚ್ಚಿ ಬಂದು, ಮಂಚದಿಂದ ಸ್ವಲ್ಪ ದೂರದಲ್ಲಿ ಎಂದಿನಂತೆ ನೆಲದ ಮೇಲೆ ಕುಳಿತು ಪುಸ್ತಕ ತೆರೆದನು.